ಹದಿನಾಲ್ಕು ದಿನದ ಕೂಸಿನ ನಿದ್ದೆ

ಮಾನಸಳ ಕೆಲಸ ಕೂಸುಗಳ ತಲೆ ಹಿಡಿಯುವುದಾಗಿತ್ತು. ಸ್ಟುಡಿಯೋದ ಕಾರ್ಡಿನಲ್ಲಿ ಅವಳ ಹೆಸರಿನ ಕೆಳಗೆ ‘ಸಹಾಯಕ ಛಾಯಾಗ್ರಾಹಕಿ’ ಎಂದೇ ಇತ್ತು. ಆದರೆ ದಿನದಲ್ಲಿ ಐದಾರು ಗಂಟೆ ಅವಳು ಮಾಡುತ್ತಿದ್ದದ್ದು ಅದೊಂದೇ. ಹತ್ತು ಹದಿನೈದು ದಿನದ ಕೂಸು ತನ್ನೆರಡು ಅಂಗೈಗಳ ಮೇಲೆ ಗಲ್ಲವಿಟ್ಟು, ಕಣ್ಣು ಮುಚ್ಚಿ, ಏನೋ ಸವಿಯಾದದ್ದನ್ನು ನೆನೆಯುತ್ತಿರುವಂತೆ ಕಾಣುವ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅಷ್ಟು ಎಳೆಯ ಕತ್ತಿಗೆ ತಲೆ ಹೊರುವ ಶಕ್ತಿ ಎಲ್ಲಿಂದ ಬರಬೇಕು? ಮೊದಲು ಹಿಂದಿನಿಂದ ಒಬ್ಬರು ನೆತ್ತಿ ಹಿಡಿದುಕೊಳ್ಳಬೇಕು, ಒಂದು ಚಿತ್ರ. ಆಮೇಲೆ ಕೆಳಗಿನಿಂದ ಮುಂಗೈ ಹಿಡಿದುಕೊಳ್ಳಬೇಕು, ಇನ್ನೊಂದು ಚಿತ್ರ. ಕಂಪ್ಯೂಟರಿನಲ್ಲಿ ಎರಡನ್ನೂ ಬೆಸೆದು ಹಿಡಿದ ಕೈಗಳನ್ನು ಅಳಿಸಿಬಿಟ್ಟರೆ ಕೂಸು ತಾನಾಗಿಯೇ ಕೂತ ಹಾಗೆ ಕಾಣುತ್ತದೆ. ಕೋಲ್ಕತ್ತಾದ ಕಸ್ಬಾ ಬಡಾವಣೆಯ ಆ ಸ್ಟುಡಿಯೋದಿಂದ ಎಂಟು ತಿಂಗಳಲ್ಲಿ ಹೊರಬಿದ್ದ ಅಂಥ ಚಿತ್ರಗಳಲ್ಲೆಲ್ಲ ಅಳಿಸಿಹೋದ ಕೈಗಳು ಮಾನಸಳವು.

ಅವಳ ಅಪ್ಪ ಹಿರಿಯಣ್ಣ ಕಲಘಟಗಿಯ ಕಡೆಯವರು. ರೈಲ್ವೆಯಲ್ಲಿ ಗುಮಾಸ್ತರಾಗಿ ಸಿಯಾಲ್ದಾಕ್ಕೆ ಬಂದು ಅಲ್ಲೇ ನಿವೃತ್ತರಾದವರು. ಮಾನಸ ಹುಟ್ಟಿದ್ದು, ಬೆಳೆದದ್ದು ಎಲ್ಲ ಕೋಲ್ಕತ್ತಾದಲ್ಲೇ. ಮನೆಯೊಳಗೆ ಧಾರವಾಡದ ಕಡೆಯ ಕನ್ನಡ, ಮೆಟ್ಟಿಲಿಳಿದರೆ ಬಂಗಾಳಿ. ಕ್ಯಾಮೆರಾ ಕಲಿತ ಮೇಲೆ ಮದುವೆ ಮನೆಗಳ ಗದ್ದಲ ಸಾಕಾಗಿ ಯಶವಂತನ ಸ್ಟುಡಿಯೋ ಸೇರಿದ್ದಳು. ಯಶವಂತ ಬೆಂಗಳೂರಿನವನು, ಕಂಪನಿ ಕೆಲಸಕ್ಕೆಂದು ಬಂದವನು, ಹತ್ತು ವರ್ಷದ ಹಿಂದೆ ಅದನ್ನು ಬಿಟ್ಟು ಕ್ಯಾಮೆರಾ ಹಿಡಿದಿದ್ದ. ಎಳೆಗೂಸುಗಳನ್ನು ಮಲಗಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲವೆಂದು ದಕ್ಷಿಣ ಕೋಲ್ಕತ್ತಾದ ತಾಯಂದಿರ ನಡುವೆ ಮಾತಿತ್ತು. ಅವರೆಲ್ಲ ಅವನನ್ನು ಬಂಗಾಳಿ ರೂಢಿಯಂತೆ ‘ಜಶ್ ದಾ’, ಎಂದರೆ ಯಶಣ್ಣ, ಎನ್ನುತ್ತಿದ್ದರು. ‘ಜಶ್ ದಾ ಎತ್ತಿಕೊಂಡರೆ ಸಾಕು, ಮಗು ಮಲಗಿಬಿಡುತ್ತದೆ.’

ಕೂಸುಗಳನ್ನು ಬರಿಮೈಯಲ್ಲಿ ಮಲಗಿಸಬೇಕಾದ್ದರಿಂದ ಕೋಣೆಯಲ್ಲಿ ಸದಾ ಹೀಟರ್ ಉರಿಯುತ್ತಿತ್ತು. ಮೂಲೆಯಲ್ಲಿಟ್ಟ ಯಂತ್ರ ಮಳೆ ಸುರಿದಂತೆ ‘ಶ್’ ಎನ್ನುತ್ತಲೇ ಇರುತ್ತಿತ್ತು. ಕಿಟಕಿ ತೆರೆಯುವಂತಿಲ್ಲ. ಒಡೆದ ಹಾಲು, ಪೌಡರು, ಕಾದ ಪ್ಲಾಸ್ಟಿಕ್ಕು, ಕೂಸುಗಳ ಹಳದಿ ಹೇಲು, ಎಲ್ಲ ಸೇರಿದ ಒಂದು ವಾಸನೆ ಬಟ್ಟೆಯಲ್ಲಿ ಕೂತುಬಿಡುತ್ತಿತ್ತು. ಅದಕ್ಕೆಲ್ಲ ಮಾನಸ ಹೇಸಿದವಳಲ್ಲ. ಕೂಸೆಂದ ಮೇಲೆ ಅದೆಲ್ಲ ಇದ್ದದ್ದೇ. ಅವಳಿಗೆ ಒಗ್ಗದೆ ಉಳಿದದ್ದು ಬೇರೊಂದು ವಾಸನೆ. ಯಶವಂತ ಮಲಗಿಸಿಕೊಂಡು ಬಂದ ಕೂಸುಗಳ ಬಾಯಿಂದ ಕೆಲವೊಮ್ಮೆ ಕಿತ್ತಳೆ ಮಿಠಾಯಿಯಂಥ ವಾಸನೆ ಬರುತ್ತಿತ್ತು. ಡಿಸೆಂಬರಿನಲ್ಲಿ ಒಂದು ಕೂಸು ಅವಳ ಮುಂಗೈ ಮೇಲೆ ವಾಂತಿ ಮಾಡಿಕೊಂಡಾಗ ಹಾಲಿನ ಜೊತೆಗೆ ಕಿತ್ತಳೆ ಬಣ್ಣದ ನೊರೆ ಬಂದಿತ್ತು. ಗ್ರೈಪ್ ವಾಟರ್ ಇರಬೇಕು ಎಂದುಕೊಂಡು ಕೈ ತೊಳೆದುಕೊಂಡಳು. ಗ್ರೈಪ್ ವಾಟರ್ ಆ ಬಣ್ಣದ್ದಲ್ಲವೆಂದು ಅವಳಿಗೆ ಗೊತ್ತಿತ್ತು. ಕೇಳಿದರೆ ಉತ್ತರ ಸಿಕ್ಕೀತೆಂಬ ಭಯಕ್ಕೇ ಅವಳು ಕೇಳಿರಲಿಲ್ಲ.

ಫೆಬ್ರವರಿಯ ಕೊನೆಯ ಶನಿವಾರ ಬೆಳಿಗ್ಗೆ ಒಂದು ಕನ್ನಡದ ಕುಟುಂಬ ಬಂತು. ವಿನಯ ಮೈಸೂರಿನವನು, ಬಂದರಿನ ಆಡಳಿತದಲ್ಲಿ ಅಧಿಕಾರಿ, ಖಿದಿರ್‌ಪುರದ ಕ್ವಾರ್ಟರ್ಸಿನಲ್ಲಿ ಮನೆ. ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟು ಮುಂದೆ ಮುಂದೆ ಬಂದ. ಅವನ ಹೆಂಡತಿ ಸ್ಪೂರ್ತಿ ಹೊಲಿಗೆಯ ನೋವಿಗೆ ಗೋಡೆ ಹಿಡಿದುಕೊಂಡು ಹಿಂದೆ ಬಂದಳು. ಬಾಣಂತನ ಮಾಡಲೆಂದು ಧಾರವಾಡದಿಂದ ಬಂದಿದ್ದ ಅವಳ ತಾಯಿ ವಿಶಾಲಾಕ್ಷಿಯ ತೋಳಿನಲ್ಲಿ, ಹಳೆಯ ನೂಲಿನ ಸೀರೆಯಲ್ಲಿ ಸುತ್ತಿದ ಹದಿನಾಲ್ಕು ದಿನದ ಗಂಡುಕೂಸು.

“ಇಷ್ಟು ಲಗೂನ ಕೂಸಿನ್ನ ಹೊರಗ ತರೂದು ಬ್ಯಾಡ ಅಂದೆ. ನನ್ನ ಮಾತು ಯಾರ ಕೇಳ್ತಾರ?” ಎಂದರು ವಿಶಾಲಾಕ್ಷಿ, ಯಾರಿಗೆಂದಿಲ್ಲದೆ.

“ಅತ್ತೆ, ಹದಿನೈದು ದಿನದೊಳಗೇ ತೆಗೀಬೇಕು. ಆಮೇಲೆ ಮಕ್ಕಳು ಈ ಥರ ಮಡಚಿಕೊಳ್ಳಲ್ಲ,” ಎಂದ ವಿನಯ. ಅವನ ಮೊಬೈಲಿನಲ್ಲಿ ಪಟ್ಟಿಯೇ ಇತ್ತು. ಬೆತ್ತದ ಬುಟ್ಟಿ, ಹಡಗಿನ ಕ್ಯಾಪ್ಟನ್ ಟೋಪಿ, ಮರದ ಪುಟ್ಟ ಟ್ರಾಮು, ಅಪ್ಪನ ಅಂಗೈಯಲ್ಲಿ ಮಲಗಿದ್ದು, ಅಮ್ಮ ಹಣೆಗೆ ಮುತ್ತಿಟ್ಟದ್ದು. ಒಟ್ಟು ಐದು.

ಮಾನಸ ಕೂಸನ್ನು ಇಸಿದುಕೊಳ್ಳುತ್ತ, “ಕೊಡ್ರಿ ಕಾಕೂ, ನಾ ಹಿಡಕೋತೀನಿ” ಎಂದದ್ದಕ್ಕೆ ವಿಶಾಲಾಕ್ಷಿಯ ಮುಖ ಅರಳಿತು. “ಅಯ್ಯ, ನಮ್ಮ ಕಡಿಯಾಕಿ ಏನ ನೀ? ಈ ಊರಾಗ ಬಂದು ಹದಿನೆಂಟು ದಿನಾತು, ನನ್ನ ಮಾತು ತಿಳಿಯೂವರು ಒಬ್ಬರೂ ಸಿಕ್ಕಿದ್ದಿಲ್ಲ ತಂಗಿ.”

ಕೂಸಿನ ಗಂಟಲು ಗಟ್ಟಿಯಾಗಿತ್ತು. ಬಟ್ಟೆ ಬಿಚ್ಚಿದ ಕೂಡಲೇ ಕೈಕಾಲು ಬಡಿದು, ಮುಖವೆಲ್ಲ ಕೆಂಪೇರಿಸಿಕೊಂಡು ಅಳಲು ಶುರುಮಾಡಿತು. ಸ್ಪೂರ್ತಿ ಎರಡು ಸಲ ಹಾಲು ಕೊಟ್ಟಳು. ಕುಡಿಯುವಷ್ಟು ಕುಡಿದು ಮತ್ತೆ ಅತ್ತಿತು. ವಿಶಾಲಾಕ್ಷಿ ಹೆಗಲ ಮೇಲೆ ಹಾಕಿಕೊಂಡು ಜೋಗುಳ ಹೇಳಿದರು. ಮುಕ್ಕಾಲು ಗಂಟೆಯಾಯಿತು. ವಿನಯ ಗಡಿಯಾರ ನೋಡಿಕೊಂಡ.

“ನನಗೆ ಕೊಡಿ. ಹತ್ತು ನಿಮಿಷ,” ಎಂದು ಯಶವಂತ ನಗುತ್ತ ಕೂಸನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತು ಅಳು ಕೇಳಿತು. ಆಮೇಲೆ ನಡುವೆ ಏನೋ ನುಂಗಿದಂತೆ ತಡೆದು ನಿಂತಿತು. ಮತ್ತೆ ಸ್ವಲ್ಪ ಅಳು. ಆಮೇಲೆ ಇಲ್ಲ.

ಕಾಲು ಗಂಟೆಯ ಮೇಲೆ ಅವನು ಕೂಸನ್ನು ಎದೆಗಾನಿಸಿಕೊಂಡು ಹೊರಗೆ ಬಂದ. ವಿಶಾಲಾಕ್ಷಿ ಗಲ್ಲದ ಮೇಲೆ ಕೈಯಿಟ್ಟುಕೊಂಡರು. “ನಾ ನಾಕು ಹಡದು ಬೆಳಿಸೀನಿ. ಹಿಂಗ ಮಲಗ್ಸೂವರನ್ನ ನೋಡಿಲ್ಲ ನೋಡವಾ!”

ಬುಟ್ಟಿಯ ಚಿತ್ರ ಮುಗಿಯಿತು. ಅಪ್ಪನ ಅಂಗೈಯ ಚಿತ್ರಕ್ಕೆ ವಿನಯ ಕೈ ನೀಡಿದ. ಆದರೆ ಕೂಸು ಅಂಗಿ ಒದ್ದೆ ಮಾಡೀತೆಂದು ಮೊಣಕೈ ಚಾಚಿ, ಸಂತೆಯಲ್ಲಿ ಕುಂಬಳಕಾಯಿ ತೂಗುವವನ ಹಾಗೆ ದೂರ ಹಿಡಿದುಕೊಂಡಿದ್ದ. “ಸ್ವಲ್ಪ ಪ್ರೀತಿಯಿಂದ ನೋಡಿ ಸಾರ್,” ಎಂದ ಯಶವಂತ. ವಿನಯ ನೋಡಿದ. ಕ್ಲಿಕ್ ಎಂದ ಕೂಡಲೇ ಅವನ ಕಣ್ಣಿನ ಪ್ರೀತಿ ಆರಿತು. “ಬಂತಾ?” ಎಂದು ಕ್ಯಾಮೆರಾದ ಕಡೆ ಕತ್ತು ಚಾಚಿದ.

ಮೂರನೆಯದು ಕ್ಯಾಪ್ಟನ್ ಟೋಪಿಯದು. ಅಂಗೈ ಮೇಲೆ ಗಲ್ಲ. ಮಾನಸ ಹಿಂದೆ ಕೂತು ನೆತ್ತಿ ಹಿಡಿದಳು.

ನಿದ್ದೆಹೋದ ಕೂಸಿನ ಕತ್ತಿನಲ್ಲೂ ಒಂದು ಬಿಗಿ ಇರುತ್ತದೆ. ಮುಟ್ಟಿದರೆ ಹುಬ್ಬು ಗಂಟಿಕ್ಕುತ್ತದೆ, ತುಟಿ ಸುಮ್ಮನೆ ಚೀಪುತ್ತದೆ, ಬೆರಳು ಸಿಕ್ಕಿದ್ದನ್ನು ಹಿಡಿಯುತ್ತದೆ. ಈ ತಲೆಯಲ್ಲಿ ಅದೇನೂ ಇರಲಿಲ್ಲ. ನೀರು ತುಂಬಿದ ಚೀಲದ ಹಾಗೆ ಅದು ಅವಳ ಬೆರಳುಗಳ ನಡುವೆ ಜೋತುಬಿತ್ತು. ಅವಳು ಇನ್ನೊಂದು ಕೈಯಿಂದ ಅಂಗಾಲಿಗೆ ಮೆಲ್ಲನೆ ಹೊಡೆದಳು. ಕಾಲು ಹಿಂದೆ ಸರಿಯಲಿಲ್ಲ. ಬೆನ್ನಿನ ಮೇಲೆ ಅಂಗೈಯಿಟ್ಟಳು. ಒಂದು ಉಸಿರು. ಆಮೇಲೆ ಎಷ್ಟು ಹೊತ್ತಾದರೂ ಇನ್ನೊಂದು ಬರಲಿಲ್ಲ. ಬಂದಾಗ ಅದು ಇತ್ತೋ ಇಲ್ಲವೋ ಎನ್ನುವ ಹಾಗೆ ಬಂತು. ಬಾಯಿಂದ ಕಿತ್ತಳೆಯ ವಾಸನೆ.

“ಸರ್, ಒಂದು ನಿಮಿಷ.”

“ಅಲ್ಲಾಡ್ಬೇಡ ಮಾನಸ. ಬೆಳಕು ಚೆನ್ನಾಗಿ ಬಿದ್ದಿದೆ.”

ಅವಳು ಟೋಪಿಯನ್ನು ಕಿತ್ತು ಬಿಸಾಡಿ, ಕೂಸನ್ನು ಎತ್ತಿಕೊಂಡು ನೇರ ಒಳಕೋಣೆಗೆ ಹೋದಳು. ಕೂಸುಗಳನ್ನು ಒರೆಸುವ ವೈಪ್ಸ್ ಇಡುವ ಡ್ರಾಯರಿನ ಹಿಂಬದಿಯಲ್ಲಿ ಬಾಟಲಿ ಸಿಕ್ಕಿತು, ಹುಡುಕಲೇ ಬೇಕಾಗಲಿಲ್ಲ. ಅಂದರೆ ಅದು ಎಲ್ಲಿರುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತೆ? ನೆಗಡಿ ಅಲರ್ಜಿಗೆ ಕೊಡುವ, ಮಂಪರು ತರಿಸುವ ಸಿರಪ್ಪು. ಪಕ್ಕದಲ್ಲಿ ಅಂಟಂಟು ಡ್ರಾಪರ್. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲಿನಲ್ಲಿ ಕೆಂಪಕ್ಷರದಲ್ಲಿ ಬರೆದಿತ್ತು.

ಹೊರಗೆ ಬಂದು ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. “ಕಾಕೂ, ಕೂಸಿಗೆ ಇದನ್ನ ಕುಡಿಸ್ಯಾರ. ಇದು ಮಲಗಿಲ್ಲ, ಎಚ್ಚರ ತಪ್ಪೇದ. ಈಗಿಂದೀಗ ದವಾಖಾನಿಗೆ ಹೋಗಬೇಕು.”

“ಏನ್ ಮಾತಾಡ್ತಿದೀಯ ನೀನು?” ಎಂದ ಯಶವಂತ. ಆಮೇಲೆ ವಿನಯನ ಕಡೆ ತಿರುಗಿ ದನಿ ಇಳಿಸಿದ. “ಸಾರ್, ಏನೂ ಇಲ್ಲ. ಎರಡೇ ಹನಿ. ಎಲ್ಲಾ ಸ್ಟುಡಿಯೋದಲ್ಲೂ ಮಾಡ್ತಾರೆ, ಯಾರೂ ಹೇಳಲ್ಲ ಅಷ್ಟೇ. ಎಂಟು ವರ್ಷದಲ್ಲಿ ಒಂದು ಮಗುಗೂ ಏನೂ ಆಗಿಲ್ಲ.”

ಮಾನಸ ವಿನಯನ ಮುಖ ನೋಡಿದಳು. ಅವನು ಹೊಡೆಯುತ್ತಾನೆ, ಕೂಗುತ್ತಾನೆ, ಕೂಸನ್ನು ಕಸಿದುಕೊಂಡು ಓಡುತ್ತಾನೆ ಎಂದುಕೊಂಡಿದ್ದಳು. ಅವನು ಬಾಟಲಿ ನೋಡಿದ, ಕೂಸನ್ನು ನೋಡಿದ, ದೀಪಗಳನ್ನು ನೋಡಿದ. ಆಮೇಲೆ ಕೇಳಿದ:

“ಇನ್ನು ಎಷ್ಟು ಬಾಕಿ ಇದೆ? ಹೇಗೂ ಕೊಟ್ಟಾಗಿದೆ, ಮಲಗಿಯೂ ಆಗಿದೆ. ಉಳಿದಿರೋದನ್ನೂ ಬೇಗ ಮುಗಿಸಿಬಿಟ್ಟರೆ ಹೋಗೋ ದಾರೀಲೇ ಡಾಕ್ಟರಿಗೆ ತೋರಿಸ್ಬಹುದಲ್ಲ?”

ಕೊಳೆತ ಮೀನಿನ ಬುಟ್ಟಿಯ ಮುಂದೆ ನಿಂತಾಗಲೂ ಮಾನಸಳಿಗೆ ಅಷ್ಟು ಹೇಸಿಗೆಯಾಗಿರಲಿಲ್ಲ. ಅವನು ಕೆಟ್ಟ ದನಿಯಲ್ಲಿ ಹೇಳಿರಲಿಲ್ಲ. ಬ್ಯಾಂಕಿಗೆ ಹೋಗುವ ದಾರಿಯಲ್ಲೇ ಅಂಚೆ ಕಚೇರಿಯ ಕೆಲಸವನ್ನೂ ಮುಗಿಸೋಣ ಎನ್ನುವಷ್ಟು ಸಲೀಸಾಗಿ ಹೇಳಿದ್ದ.

ವಿಶಾಲಾಕ್ಷಿಗೆ ಅಳಿಯನ ಮಾತು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವರು ಮಾನಸಳ ಕೈಯಿಂದ ಕೂಸನ್ನು ಸೆಳೆದುಕೊಂಡು, ಬರಿಮೈಯನ್ನು ಸೆರಗಿನಲ್ಲಿ ಸುತ್ತಿ, ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿಯತೊಡಗಿದರು. “ಬಾ ತಂಗಿ, ಗಾಡಿ ಮಾಡು” ಎಂಬ ಕೂಗು ಕೆಳಗಿನಿಂದ ಬಂತು. ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಮಾನಸ ಹಿಂದೆ ಓಡಿದಳು. ಸ್ಪೂರ್ತಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಅವಳಿಗಾಗಿ ಟ್ಯಾಕ್ಸಿಯ ಬಾಗಿಲು ತೆರೆದು ಹಿಡಿಯಬೇಕಾಯಿತು.

ಟ್ಯಾಕ್ಸಿಯಲ್ಲಿ ವಿಶಾಲಾಕ್ಷಿ ಕೂಸಿನ ಕಿವಿ ಹಿಂಡಿದರು, ಅಂಗಾಲು ತಿಕ್ಕಿದರು, ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಎಣಿಸಿದರು. ರಾಸಬಿಹಾರಿ ಕನೆಕ್ಟರ್ ರಸ್ತೆಯ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಮಾನಸ ಕಿಟಕಿಯಿಂದ ಕೈ ಹೊರಗೆ ಹಾಕಿ ಮುಂದಿನ ಬಸ್ಸಿನವನಿಗೆ ಕೂಗಿದಳು, ಯಾರೋ ದಾರಿ ಬಿಟ್ಟರು.

ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ಓದಿದರು. ಏನೂ ಬೈಯಲಿಲ್ಲ. ಕೂಸಿನ ಹೆಬ್ಬೆರಳಿಗೆ ಕೆಂಪು ದೀಪದ ಪಟ್ಟಿ ಸುತ್ತಿ, ಮೂಗಿಗೆ ಸಣ್ಣ ನಳಿಗೆ ಇಟ್ಟು ಒಳಗೆ ಎತ್ತಿಕೊಂಡು ಹೋದರು. “ಇನ್ನೊಂದು ಸಲ ಹಾಕಿದ್ದರೆ ಉಸಿರೇ ನಿಲ್ಲುತ್ತಿತ್ತು. ಇನ್ನೂ ಹೇಳಲಾಗದು, ಕಾಯಿರಿ” ಎಂದರು ಬಂಗಾಳಿಯಲ್ಲಿ. ಮಾನಸ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವಾಗ ಕೊನೆಯ ಮಾತನ್ನಷ್ಟೇ ಹೇಳಿದಳು.

ಕಾದರು. ಸ್ಪೂರ್ತಿ ಬೆಂಚಿನ ಮೇಲೆ ಕೂತಿದ್ದಳು. ಎದೆಯ ಹಾಲು ತಾನಾಗಿ ಇಳಿದು ಕುಪ್ಪಸ ತೊಯ್ದು ಅವಳ ಹೊಟ್ಟೆಯವರೆಗೂ ಒದ್ದೆಯಾಗಿತ್ತು. ಅವಳು ಒರೆಸಿಕೊಳ್ಳಲೂ ಇಲ್ಲ, ಯಾರ ಮುಖ ನೋಡಲೂ ಇಲ್ಲ. ಅರ್ಧ ಗಂಟೆಯ ಮೇಲೆ ವಿನಯ ಬಂದ. ಸ್ವಲ್ಪ ಹೊತ್ತು ಓಡಾಡಿದ, ಡಾಕ್ಟರಮ್ಮನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದ, ಆಮೇಲೆ ಮೆಟ್ಟಿಲ ಬಳಿ ನಿಂತು ಫೋನು ಮಾಡಿದ. ನೀರು ತರಲು ಹೋದ ಮಾನಸಳಿಗೆ ಕೇಳಿಸಿತು: “ಅಲ್ಲ ಯಶವಂತ್, ಅದೆಲ್ಲ ಆಮೇಲೆ ಮಾತಾಡೋಣ. ತೆಗೆದಿರೋದನ್ನ ಡಿಲೀಟ್ ಮಾಡ್ಬಿಡಬೇಡಿ ಮತ್ತೆ. ಬುಟ್ಟಿದು ಚೆನ್ನಾಗಿ ಬಂದಿತ್ತು.”

ಅವಳು ನೀರು ತರಲಿಲ್ಲ. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಬೆಳಗಿನ ಚಹಾ ಬಿಟ್ಟರೆ ಹೊಟ್ಟೆಯಲ್ಲಿ ಬೇರೇನೂ ಇರಲಿಲ್ಲ. ಗೋಡೆಯ ಸೋಪು ಒತ್ತಿ ಕೈಗಳನ್ನು ಮೊಣಕೈವರೆಗೆ ತೊಳೆದಳು. ಒರೆಸಿಕೊಂಡಳು. ಮತ್ತೆ ತೊಳೆದಳು. ಎಂಟು ತಿಂಗಳಲ್ಲಿ ಈ ಕೈಯಲ್ಲಿ ಎಷ್ಟು ತಲೆಗಳು ಜೋತುಬಿದ್ದವು? ‘ಎಷ್ಟು ಹಗುರ ಕೈ ನಿಂದು’ ಎಂದು ಯಶವಂತ ಹೊಗಳಿದಾಗ ಹಿಗ್ಗಿದ್ದಳಲ್ಲ! ಹೇಸಿಗೆ ಎನ್ನುವುದು ಎದುರಿಗಿರುವವರ ಮೇಲಷ್ಟೇ ಹುಟ್ಟುವುದಾದರೆ ದೂರ ಸರಿದರೆ ಮುಗಿಯುತ್ತದೆ. ಇದು ತನ್ನದೇ ಚರ್ಮದ ಮೇಲಿತ್ತು.

ಸಂಜೆ ನಾಲ್ಕೂವರೆಗೆ ಒಳಗಿನಿಂದ ಅಳು ಕೇಳಿತು. ಮೊದಲು ಬೆಕ್ಕಿನ ಮರಿಯ ಹಾಗೆ. ಆಮೇಲೆ ಬೆಳಿಗ್ಗೆ ಸ್ಟುಡಿಯೋದಲ್ಲಿ ಎಲ್ಲರಿಗೂ ಬೇಸರ ತರಿಸಿದ್ದ ಅದೇ ಗಟ್ಟಿ ಗಂಟಲು. ವಿಶಾಲಾಕ್ಷಿ ನೆಲಕ್ಕೆ ಕುಸಿದು ಕೂತು, ಮಾನಸಳ ಕಾಲನ್ನೇ ಹಿಡಿದುಕೊಂಡು ಅತ್ತರು. ಮಾನಸ ಕಾಲು ಹಿಂದೆಳೆದುಕೊಂಡಳು. ಆ ಕೃತಜ್ಞತೆ ತನಗೆ ಸಲ್ಲತಕ್ಕದ್ದಲ್ಲ.

ಕೆಲಸ ಅಲ್ಲಿಗೆ ಬಿಟ್ಟಳು. ಯಶವಂತ ಎರಡು ದಿನ ಫೋನು ಮಾಡಿದ. ಮೊದಲು ಬೈದ, ಆಮೇಲೆ ನಯವಾಗಿ ಮಾತಾಡಿದ, ಆಮೇಲೆ ನಿನಗೂ ಇದರಲ್ಲಿ ಪಾಲಿದೆ ನೆನಪಿರಲಿ ಎಂದ. ಅದು ನಿಜವಾದ್ದರಿಂದಲೇ ಅವಳಿಗೆ ಹೆಚ್ಚು ರೇಗಿತು. ತನ್ನ ಮೊಬೈಲಿನಲ್ಲಿದ್ದ ಸ್ಟುಡಿಯೋ ಗಿರಾಕಿಗಳ ಹೆಸರುಗಳನ್ನೆಲ್ಲ ತೆಗೆದು ಒಂದೊಂದೇ ಮನೆಗೆ ಫೋನು ಮಾಡತೊಡಗಿದಳು. ನಲವತ್ತೊಂದು ಮನೆ. ನಿಮ್ಮ ಮಗುವಿಗೆ ಹೀಗೆ ಆಗಿರಬಹುದು, ಒಮ್ಮೆ ಡಾಕ್ಟರಿಗೆ ಹೇಳಿ, ಪೊಲೀಸರಿಗೆ ದೂರು ಕೊಡುವುದಾದರೆ ನಾನು ಸಾಕ್ಷಿ ಹೇಳುತ್ತೇನೆ ಎಂದು.

ಅವರು ಸಿಡಿದೇಳುತ್ತಾರೆಂದು ಅವಳು ಭಾವಿಸಿದ್ದಳು. ಸಾಲ್ಟ್ ಲೇಕಿನ ಒಬ್ಬಾಕೆ, ಇದನ್ನು ನಮ್ಮ ಅತ್ತೆಯ ಕಿವಿಗೆ ಹಾಕಬೇಡಿ ಎಂದು ಬೇಡಿಕೊಂಡಳು. ಒಬ್ಬ ತಂದೆ, ಆ ಚಿತ್ರ ಈಗ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿದೆ, ಹಾಳು ಮಾಡಬೇಡಿ ಎಂದ. ಇನ್ನೊಬ್ಬಳು ಎಲ್ಲ ಕೇಳಿಸಿಕೊಂಡು, ಮಗಳ ಅನ್ನಪ್ರಾಶನ ಮುಂದಿನ ತಿಂಗಳಿದೆ, ನೀವೇ ಬೇರೆಯಾಗಿ ಬಂದು ತೆಗೆದುಕೊಡುತ್ತೀರಾ ಎಂದು ಕೇಳಿದಳು. ಬಹಳ ಮಂದಿ ಸುಮ್ಮನೆ ಫೋನಿಟ್ಟರು. ದಿನದಿನಕ್ಕೂ ಮಾನಸಳಿಗೆ ಅನ್ನ ಸೇರದಾಯಿತು. ಗೋಡೆಯ ಮೇಲಿನ ಕೂಸು ಚೆಂದ ಕಂಡರೆ ತೊಟ್ಟಿಲಿನ ಕೂಸಿನ ಗೊಡವೆ ಬೇಡವೇ ಇವರಿಗೆ?

ಮಾರ್ಚ್ ಎರಡನೆಯ ವಾರ ವಿಶಾಲಾಕ್ಷಿ ಫೋನು ಮಾಡಿದರು. “ನಾಳೆ ತೊಟ್ಟಲಕ್ಕ ಹಾಕ್ತೀವಿ. ಬರಬೇಕು ನೀ. ನೀ ಬರದಿದ್ರ ನನಗ ಸಮಾಧಾನ ಇಲ್ಲ.”

ಖಿದಿರ್‌ಪುರದ ಕ್ವಾರ್ಟರ್ಸಿನ ಎರಡನೆಯ ಮಹಡಿಯಲ್ಲಿ ಬಾಗಿಲಿಗೆ ತೋರಣ ಕಟ್ಟಿದ್ದರು. ವಿನಯನ ಸಹೋದ್ಯೋಗಿಗಳು ಸೋಫಾದಲ್ಲಿ ಕೂತು ಶೊಂದೇಶ್ ಎಂಬ ಹಾಲಿನ ಸಿಹಿ ತಿನ್ನುತ್ತಿದ್ದರು. ಒಳಗೆ ಕಾಲಿಟ್ಟ ಮಾನಸಳಿಗೆ ಮೊದಲು ಕಂಡದ್ದು ಎದುರುಗೋಡೆಯ ಚಿತ್ರ. ಎರಡಡಿ ಅಗಲದ ಚಿನ್ನದ ಬಣ್ಣದ ಚೌಕಟ್ಟು. ಬೆತ್ತದ ಬುಟ್ಟಿಯಲ್ಲಿ ಕೂಸು, ತುಟಿ ಅರೆತೆರೆದು, ಒಂದು ಕೈ ಅಂಚಿನಿಂದ ಕೆಳಗೆ ಜೋತುಬಿದ್ದು.

“ಏನೇ ಆಗ್ಲಿ, ಚಿತ್ರ ಮಾತ್ರ ಅದ್ಭುತವಾಗಿ ಬಂದಿದೆ ಅಲ್ವಾ?” ಎಂದ ವಿನಯ, ಅತಿಥಿಗಳ ಮುಂದೆ ಅವಳನ್ನು ಹಳೆಯ ಗೆಳತಿಯಂತೆ ಬರಮಾಡಿಕೊಳ್ಳುತ್ತ. “ನೋಡಿ, ಎಷ್ಟು ನೆಮ್ಮದಿಯ ಮುಖ.”

ಬಾಗಿಲಲ್ಲೇ ವಿಶಾಲಾಕ್ಷಿ ಬಾಯಿಗಿಟ್ಟಿದ್ದ ಶೊಂದೇಶ್ ಸುಣ್ಣದ ಉಂಡೆಯಾಯಿತು. ಮಾನಸ ಅದನ್ನು ನುಂಗಲಿಲ್ಲ. ಕರವಸ್ತ್ರಕ್ಕೆ ಉಗಿದು ಮಡಚಿಟ್ಟುಕೊಂಡಳು. ಅವನು ನೋಡಿದ. ನೋಡಲಿ ಎಂದೇ ಉಗಿದಿದ್ದಳು.

ಸ್ಪೂರ್ತಿ ಅವಳ ಕೈ ಹಿಡಿದು ಒಳಗಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಕೂಸು ಮಂಚದ ಮೇಲೆ ಎಚ್ಚರವಾಗಿ ಫ್ಯಾನು ನೋಡುತ್ತಿತ್ತು. ಅವಳು ಅದರ ಕಾಲ್ಬೆರಳು ಸವರುತ್ತ ಹೇಳಿದಳು.

“ನನಗ ಗೊತ್ತಿತ್ತು.”

“ಏನು?”

“ಫೋಟೋದ ಹಿಂದಿನ ದಿನ ಆ ಯಶವಂತ ಫೋನ್ ಮಾಡಿದ್ದ. ಅಳೂ ಕೂಸಾದ್ರ ಎರಡು ಹನಿ ಏನೋ ಹಾಕ್ತೀನಿ, ನಡೀತದ ಅಲ್ಲ ಅಂತ ಕೇಳಿದ. ನಾ ಹ್ಞೂಂ ಅಂದೆ. ಹದಿಮೂರು ರಾತ್ರಿ ನಿದ್ದಿ ಮಾಡಿದ್ದಿಲ್ಲ ನಾ. ಅದು ಮೂರು ತಾಸು ಮಲಗಿದ್ರ ನಾನೂ ಒಂದೀಟು ಮಲಗಬಹುದಲ್ಲ ಅನಿಸ್ತು. ಏನು ಹನಿ ಅಂತ ಕೇಳಲಿಲ್ಲ.” ಅವಳು ತಲೆಯೆತ್ತಿದಳು. “ಅವ್ವಗ ಹೇಳಿಲ್ಲ. ನಿನಗೂ ಹೇಸಿಕಿ ಬಂದಿರಬೇಕು, ಅಲ್ಲ?”

ಮಾನಸಳಿಗೆ ಹೇಸಿಕೆ ಬಂದದ್ದು ನಿಜ. ಒಂದು ಕ್ಷಣ ಆ ಕೈಯನ್ನು ಕೊಡವಿಕೊಳ್ಳಬೇಕೆನಿಸಿತು. ಆಮೇಲೆ ಡಿಸೆಂಬರಿನ ಕಿತ್ತಳೆ ನೊರೆ ನೆನಪಾಯಿತು.

“ನಾನೂ ಕೇಳಿಲ್ಲ ಸ್ಪೂರ್ತಿ. ನೀ ಒಂದು ದಿನ ಕೇಳಲಿಲ್ಲ. ನಾ ಎಂಟು ತಿಂಗಳು ಕೇಳಲಿಲ್ಲ.”

ಹೊರಗೆ ಹೆಂಗಸರು ತೊಟ್ಟಿಲ ಹಾಡು ಶುರುಮಾಡಿ, ಸ್ಪೂರ್ತಿಯನ್ನು ಕೂಗುತ್ತಿದ್ದರು. ಅವಳು ಏಳಲಿಲ್ಲ. “ನೀ ಕಂಪ್ಲೇಂಟ್ ಕೊಡ್ತೀ ಅಂತ ಅವ್ವ ಹೇಳಿದ್ಲು.”

“ತಂದಿ ತಾಯಿ ಕೊಟ್ರ ತಗೋತಾರಂತ. ನಾ ಎರಡು ಸಲ ಹೋಗಿ ಬಂದೆ. ನಲವತ್ತೊಂದು ಮನ್ಯಾಗ ಒಬ್ಬರೂ ಬರಲಿಲ್ಲ.”

“ನಾ ಬರ್ತೀನಿ. ನಾ ಹ್ಞೂಂ ಅಂದದ್ದನ್ನೂ ಬರಕೊಳ್ಳಲಿ.”

ಮರುದಿನ ಬೆಳಿಗ್ಗೆ ವಿನಯ ಕಚೇರಿಗೆ ಹೋದ ಮೇಲೆ ಸ್ಪೂರ್ತಿ ಸ್ಟೂಲು ಹತ್ತಿ ಗೋಡೆಯ ಚಿತ್ರವನ್ನು ಇಳಿಸಿದಳು. ಆಸ್ಪತ್ರೆಯ ಕಾಗದದ ಜೊತೆ ಅದನ್ನೂ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಠಾಣೆಗೆ ಬಂದಳು; ತಾಯಿಗೆ ದಾರಿಯಲ್ಲಿ ಎಲ್ಲವನ್ನೂ ಹೇಳಿದ್ದಳು. ವಿಶಾಲಾಕ್ಷಿ ಅಂದು ಮಗಳ ಜೊತೆ ಒಂದು ಮಾತೂ ಆಡಲಿಲ್ಲ. ಆದರೆ ಕೂಸನ್ನು ಹೊತ್ತುಕೊಂಡು ಠಾಣೆಯ ಬೆಂಚಿನ ಮೇಲೆ ಮೂರು ಗಂಟೆ ಅವಳ ಪಕ್ಕದಲ್ಲೇ ಕೂತಿದ್ದರು. ಅಧಿಕಾರಿ ಚಿತ್ರವನ್ನು ಮೇಜಿನ ಮೇಲಿಟ್ಟು, “ಬಾಃ, ಕೀ ಮಿಷ್ಟಿ”, ಆಹಾ ಎಷ್ಟು ಮುದ್ದು, ಎಂದು ಮುಗುಳ್ನಕ್ಕರು. ಮಾನಸ ಬಂಗಾಳಿಯಲ್ಲಿ ಎಲ್ಲ ವಿವರಿಸುತ್ತ ಹೋದಂತೆ ಅವರ ನಗೆ ಇಳಿಯಿತು. ಕೊನೆಗೆ ಚಿತ್ರವನ್ನು ಬೋರಲು ಹಾಕಿ ಪೆನ್ನು ತೆಗೆದರು.

ಸ್ಟುಡಿಯೋದ ಬಾಗಿಲಿಗೆ ಆ ವಾರವೇ ಬೀಗ ಬಿತ್ತು. ಯಶವಂತ ಹತ್ತು ದಿನದಲ್ಲಿ ಜಾಮೀನಿನ ಮೇಲೆ ಹೊರಗೆ ಬಂದ. ಬೇರೆ ಹೆಸರಿನಲ್ಲಿ ಇನ್ನೆಲ್ಲೋ ತೆರೆಯುವವನಿದ್ದಾನೆಂದು ಸುದ್ದಿ. ಸಹ ಆರೋಪಿಯಾಗುತ್ತೀಯೋ ಸಾಕ್ಷಿಯಾಗುತ್ತೀಯೋ ಎಂದು ಮಾನಸಳನ್ನು ಮೂರು ಸಲ ಕರೆಸಿದರು. ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದಳು. ವಿನಯ ಹೆಂಡತಿಯ ಜೊತೆ ತಿಂಗಳಿಡೀ ಮಾತು ಬಿಟ್ಟನಂತೆ. ಮಾನಸ ಈಗ ಸಿಯಾಲ್ದಾದ ಹತ್ತಿರ ಅಂಗಡಿಯೊಂದರಲ್ಲಿ ಪಾಸ್‌ಪೋರ್ಟ್ ಅಳತೆಯ ಚಿತ್ರ ತೆಗೆಯುತ್ತಾಳೆ. ಯಾರೂ ನಗುವಂತಿಲ್ಲ, ಕಣ್ಣು ಮುಚ್ಚುವಂತಿಲ್ಲ.

ಜೂನಿನ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಂದು ಫೋನು ಬಂತು. ಹಿಂದೆ ಮಾತೇ ಆಡದೆ ಇಟ್ಟವರಲ್ಲಿ ಒಬ್ಬಳು, ಬೆಹಾಲಾ ಬಡಾವಣೆಯಾಕೆ.

“ನನ್ನ ಮಗಳು, ಡಿಸೆಂಬರಿನಲ್ಲಿ,” ಎಂದಳು ಬಂಗಾಳಿಯಲ್ಲಿ. “ನಿಮ್ಮ ಕೈ ಮೇಲೆ ವಾಂತಿ ಮಾಡಿದಳಲ್ಲ, ಅವಳು. ಅವಳಿಗೂ ಕೊಟ್ಟಿದ್ದರಾ?”

“ಹೌದು.”

“ನೀವು ಕಣ್ಣಾರೆ ನೋಡಿದಿರಾ?”

“ನೋಡಲಿಲ್ಲ. ಬಣ್ಣ ನೋಡಿದೆ. ಸುಮ್ಮನಿದ್ದೆ.”

ಆ ಕಡೆ ಒಂದು ಮಗು ಏನನ್ನೋ ನೆಲಕ್ಕೆ ಬಡಿದು ಕೇಕೆ ಹಾಕುತ್ತಿತ್ತು. ಆಕೆ ಮಗುವಿಗೆ ಸುಮ್ಮನಿರೆಂದು ಹೇಳಲಿಲ್ಲ. ದನಿಯನ್ನೇ ಸ್ವಲ್ಪ ಎತ್ತರಿಸಿ, ಯಾವ ಠಾಣೆ, ಎಷ್ಟು ಗಂಟೆಗೆ ಬಂದರೆ ಅಧಿಕಾರಿ ಇರುತ್ತಾರೆ ಎಂದು ಕೇಳಿದಳು. ಮಾನಸ ವಿಳಾಸ ಹೇಳಿದಳು.